ಸಭೆಯ ತುಂಬ ಕೆಲಸ, ದೇವರಿಗೆ ಜಾಗ ಎಲ್ಲಿ?

ಪ್ರಶ್ನೆ: ಬಹಳ ವರ್ಷಗಳಿಂದ ನಮ್ಮ ಸಭೆಯಲ್ಲಿ ಓಡಾಡಿಕೊಂಡಿದ್ದೇನೆ. ಗಾಯನವೃಂದ, ಸಂಡೇ ಸ್ಕೂಲ್, ಕಮಿಟಿ, ಹಬ್ಬದ ಕಾರ್ಯಕ್ರಮ, ಎಲ್ಲದರಲ್ಲೂ ನನ್ನ ಹೆಸರಿದೆ. ಮಕ್ಕಳಿಗೆ ಕಥೆ ಹೇಳುವಾಗ ಮಾತ್ರ ಇನ್ನೂ ಖುಷಿಯಾಗುತ್ತದೆ, ಉಳಿದದ್ದೆಲ್ಲ ಭಾರ. ಕಳೆದ ವರ್ಷ ಒಂದು ಧ್ಯಾನಕೂಟಕ್ಕೆ ಹೋಗಿ ಬಂದಾಗ ಹೊಸದಾಗಿ ಹುಟ್ಟಿದ ಹಾಗಿತ್ತು, ತಿಂಗಳಲ್ಲಿ ಎಲ್ಲ ಮೊದಲಿನಂತಾಯಿತು. ಪ್ರಾರ್ಥನೆಗೆ ಕೂತರೆ ಮುಂದಿನ ಕಾರ್ಯಕ್ರಮದ ಲೆಕ್ಕವೇ ತಲೆಯಲ್ಲಿ. ಕಮಿಟಿಯ ಒಬ್ಬರ ಜೊತೆ ಎರಡು ವರ್ಷದಿಂದ ಮಾತಿಲ್ಲ, ಆದರೂ ಇಬ್ಬರೂ ಪ್ರಭುಭೋಜನ ತೆಗೆದುಕೊಳ್ಳುತ್ತೇವೆ. ಎಲ್ಲ ಬಿಟ್ಟು ಸ್ವಲ್ಪ ಕಾಲ ದೇವರ ಜೊತೆ ಒಬ್ಬಳೇ ಇರಬೇಕು ಅನ್ನಿಸುತ್ತದೆ. ಬೇರೆ ಸಭೆಗೆ ಹೋಗಿಬಿಡಲೇ ಎಂದೂ ಯೋಚಿಸಿದ್ದೇನೆ. ದೇವರಿಗೆ ಜಾಗ ಮಾಡಿಕೊಡಿ ಎಂದು ಎಲ್ಲರೂ ಬೋಧಿಸುತ್ತಾರೆ, ಹೇಗೆ ಎಂದು ಯಾರೂ ಹೇಳುವುದಿಲ್ಲ. ನೀವಾದರೂ ಹೇಳುತ್ತೀರಾ?

ಉತ್ತರ: ನಿಮ್ಮ ಪತ್ರದ ಅತಿ ಮುಖ್ಯ ಸಾಲನ್ನು ನಡುವೆ ಎಲ್ಲೋ ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ: ಕಮಿಟಿಯ ಒಬ್ಬರ ಜೊತೆ ಎರಡು ವರ್ಷದಿಂದ ಮಾತಿಲ್ಲ. ಪ್ರಾರ್ಥನೆ ಬತ್ತಿದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನೀವು ಬರೆದಿಲ್ಲ. ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆದರೆ ಅಲ್ಲಿಗೆ ಹೋಗುವ ಮೊದಲು ದಣಿವಿನ ಮಾತು ಆಡಬೇಕು, ಯಾಕೆಂದರೆ ನೀವು ತುಂಬ ದಣಿದಿದ್ದೀರಿ. ದಣಿದವರಿಗೆ ಆತ್ಮಿಕ ಉಪದೇಶ ಕೊಡುವುದು ಅವರ ಹೆಗಲ ಮೇಲೆ ಇನ್ನೊಂದು ಮೂಟೆ ಇಟ್ಟಂತೆ.

ಎಲೀಯನ ವಿಷಯದಲ್ಲಿ ದೇವರು ಹಾಗೆ ಮಾಡಲಿಲ್ಲ. ಮೊದಲನೆಯ ಅರಸುಗಳ 19ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಸಿದು ಕೂತು, ಸಾಕು, ಪ್ರಾಣ ತೆಗೆದುಬಿಡು ಎನ್ನುತ್ತಾನೆ. ಬಂದ ದೇವದೂತ ಗದರಿಸಲಿಲ್ಲ, ನಂಬಿಕೆ ಸಾಲದು ಎನ್ನಲಿಲ್ಲ. ರೊಟ್ಟಿ, ನೀರು ಕೊಟ್ಟ. ತಿಂದವನು ಮತ್ತೆ ಮಲಗಿದ. ದೂತ ಎರಡನೆಯ ಸಲ ಎಬ್ಬಿಸಿ ಮತ್ತೆ ಉಣ್ಣಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಆ ಶಾಂತವಾದ ಸ್ವರ ಕೇಳಿಸಿದ್ದು ಇದೆಲ್ಲ ಆದ ಬಹಳ ದಿನಗಳ ಮೇಲೆ. ಪ್ರಾರ್ಥನೆಗೆ ಕೂತಾಗ ತೂಕಡಿಕೆ, ತಲೆಬಿಸಿ, ಯಾರ ಮೇಲೋ ಸಿಡುಕು, ಇವೆಲ್ಲ ಎಷ್ಟೋ ಸಲ ನಿದ್ದೆಗೆಟ್ಟ ದೇಹದ ಮಾತು. ಅದನ್ನು ಆತ್ಮದ ಬರಗಾಲ ಎಂದುಕೊಂಡು ಗಾಬರಿಯಾಗುತ್ತೇವೆ. ಮೊದಲು ಚೆನ್ನಾಗಿ ನಿದ್ದೆ ಮಾಡಿ. ಇದನ್ನು ಸಣ್ಣ ಮಾತು ಎಂದು ತಿಳಿಯಬೇಡಿ.

ಅದೇ ಅಧ್ಯಾಯದಲ್ಲಿ ನಿಮಗೆ ಬೇಕಾದ ಇನ್ನೊಂದು ಸಂಗತಿಯಿದೆ. ಹೋರೇಬಿನಲ್ಲಿ ಎಲೀಯ ಎರಡು ಸಲ ಹೇಳಿಕೊಳ್ಳುವುದು ಒಂದೇ ದೂರು: ನಾನೊಬ್ಬನೇ ಉಳಿದಿದ್ದೇನೆ. ಹಾಗಾದರೆ ಇಲ್ಲೇ ನನ್ನ ಜೊತೆ ಇರು ಎಂದು ದೇವರು ಹೇಳಬಹುದಿತ್ತು, ಬೆಟ್ಟವೂ ಪರಿಶುದ್ಧವಾದದ್ದೇ. ಆದರೆ ಹಿಂದಕ್ಕೆ ಹೋಗು ಎಂದರು. ಬಾಳನೆಂಬ ಅನ್ಯದೇವತೆಗೆ ಮೊಣಕಾಲೂರದ 7,000 ಮಂದಿ ಇದ್ದಾರೆ, ಎಲೀಷನನ್ನು ಪ್ರವಾದಿಯಾಗಿ ಅಭಿಷೇಕಿಸು ಎಂದರು. ಏಕಾಂತಕ್ಕೆ ಓಡಿಬಂದವನಿಗೆ ಏಕಾಂತದಲ್ಲೇ ಸಿಕ್ಕ ಉತ್ತರ ಒಬ್ಬ ಜೊತೆಗಾರ.

ಒಬ್ಬಳೇ ಇರಬೇಕು ಎಂಬ ನಿಮ್ಮ ಆಸೆ ತಪ್ಪಲ್ಲ. ಮಾರ್ಕನ ಮೊದಲ ಅಧ್ಯಾಯದಲ್ಲಿ ಯೇಸು ಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದಾಗ ಸ್ವಾಮಿ ಹಿಂದಿರುಗಲಿಲ್ಲ, ಬೇರೆ ಊರುಗಳಿಗೆ ಹೋಗೋಣ ಎಂದರು. ಜನ ಕರೆದದ್ದಕ್ಕೆಲ್ಲ ಹೂಂ ಅನ್ನದ ಧೈರ್ಯ ಅವರಿಗೆ ಆ ಬೆಳಗಿನ ಪ್ರಾರ್ಥನೆಯಿಂದ ಬಂತು. ನಿಮಗೂ ಆ ಬೆಳಗು ಬೇಕು. ಆದರೆ ಅದು ಜನರಿಂದ ಪಾರಾಗುವ ದಾರಿ ಆಗಬಾರದು. 4ನೇ ಶತಮಾನದಲ್ಲಿ ಕೈಸರೈಯದ ಬಿಷಪ್ ಆಗಿದ್ದ ಬಸೀಲರು ಈಜಿಪ್ಟಿನ, ಸಿರಿಯದ ತಪಸ್ವಿಗಳನ್ನು ಹುಡುಕಿಕೊಂಡು ಹೋಗಿದ್ದವರು, ತಾವೂ ಏಕಾಂತದಲ್ಲಿ ಬಾಳಿದವರು. ಸನ್ಯಾಸಿಗಳು ಒಂಟಿಯಾಗಿರುವುದು ಒಳ್ಳೆಯದೋ ಕೂಡಿ ಬಾಳುವುದು ಒಳ್ಳೆಯದೋ ಎಂಬ ಪ್ರಶ್ನೆ ಬಂದಾಗ ಅವರು ಹೇಳಿದ್ದರ ತಿರುಳು ಇಷ್ಟು: ಒಬ್ಬನೇ ಇದ್ದರೆ ನೀನು ಯಾರ ಪಾದ ತೊಳೆಯುತ್ತೀ?

ಇನ್ನು ನಿಮ್ಮ ಕೆಲಸಗಳು. ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆ ಬೆಳಗಿನಿಂದ ಸಾಯಂಕಾಲದವರೆಗೆ ಜನರ ವ್ಯಾಜ್ಯ ಕೇಳುತ್ತಾ ಕೂತಿರುವುದನ್ನು ನೋಡಿ ಮಾವ ಇತ್ರೋನ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ: ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ. ಆ ಎರಡನೆಯ ಮಾತನ್ನು ನಾವು ಮರೆಯುತ್ತೇವೆ. ನೀವು ನಾಲ್ಕು ಜವಾಬ್ದಾರಿ ಹೊತ್ತುಕೊಂಡರೆ ಅವುಗಳಲ್ಲಿ ಮೂರನ್ನು ಮಾಡಬಲ್ಲ ಬೇರೆಯವರಿಗೆ ಅವಕಾಶವೇ ಸಿಗುವುದಿಲ್ಲ. ಮಕ್ಕಳಿಗೆ ಕಥೆ ಹೇಳುವುದನ್ನು ಉಳಿಸಿಕೊಳ್ಳಿ, ನಿಮ್ಮ ವರ ಅಲ್ಲಿದೆ. ಕಾರ್ಯಕ್ರಮಗಳ ಹೊಣೆಯನ್ನು ಈ ವರ್ಷವೇ ಇನ್ನೊಬ್ಬರಿಗೆ ಒಪ್ಪಿಸಿ. ಅವರು ನಿಮ್ಮಷ್ಟು ಅಚ್ಚುಕಟ್ಟಾಗಿ ಮಾಡದಿದ್ದರೂ ಚಿಂತೆಯಿಲ್ಲ.

ಈಗ, ಜಾಗ ಮಾಡಿಕೊಡುವುದು ಹೇಗೆ? ನನಗೆ ಮೊದಲು ನೆನಪಾಗುವುದು ಎರಡನೆಯ ಅರಸುಗಳ 4ನೇ ಅಧ್ಯಾಯದ ಶೂನೇಮಿನ ಹೆಂಗಸು. ಎಲೀಷ ಆ ದಾರಿಯಲ್ಲಿ ಬಂದಾಗಲೆಲ್ಲ ಊಟ ಹಾಕುತ್ತಿದ್ದಳು. ಆಮೇಲೆ ಗಂಡನ ಹತ್ತಿರ ಮಾತಾಡುತ್ತಾಳೆ: ಮಾಳಿಗೆಯ ಮೇಲೆ ಒಂದು ಸಣ್ಣ ಕೋಣೆ ಕಟ್ಟಿಸಿ ಮಂಚ, ಮೇಜು, ಕುರ್ಚಿ, ದೀಪ ಇಡೋಣ. ನಾಲ್ಕೇ ಸಾಮಾನು. ನಾನು ಎರಡು ಸಂಗತಿ ಗಮನಿಸಿದ್ದೇನೆ. ಒಂದು, ಆ ನಿರ್ಧಾರ ಅವಳು ಒಬ್ಬಳೇ ತೆಗೆದುಕೊಂಡದ್ದಲ್ಲ, ಇಬ್ಬರು ಕೂಡಿ ಕಟ್ಟಿದ ಕೋಣೆ ಅದು. ಇನ್ನೊಂದು, ಮುಂದೆ ಅವಳ ಮಗ ತಾಯಿಯ ತೊಡೆಯ ಮೇಲೆ ಸತ್ತಾಗ ಅವಳು ಮಗುವನ್ನು ಎತ್ತಿಕೊಂಡು ಹೋಗಿ ಮಲಗಿಸುವುದು ಅದೇ ಕೋಣೆಯ ಅದೇ ಮಂಚದ ಮೇಲೆ. ಒಳ್ಳೆಯ ದಿನಗಳಲ್ಲಿ ಕಟ್ಟಿಟ್ಟ ಜಾಗ ಕೆಟ್ಟ ದಿನ ಬಂದಾಗ ಎಲ್ಲಿಗೆ ಹೋಗಬೇಕೆಂದು ಅವಳಿಗೆ ತೋರಿಸಿತು. ದುಃಖ ಬಂದ ಮೇಲೆ ಕೋಣೆ ಕಟ್ಟಲು ಯಾರಿಗೂ ತ್ರಾಣವಿರುವುದಿಲ್ಲ.

ನೀವು ಹೋದ ಧ್ಯಾನಕೂಟ ಸುಳ್ಳಾಗಿರಲಿಲ್ಲ. ಧ್ಯಾನಕೂಟ ನಡೆಸುವವರಲ್ಲಿ ನಾನೂ ಒಬ್ಬ, ಅಲ್ಲಿ ಸುರಿಯುವ ಕಣ್ಣೀರು ನಿಜವೆಂದು ಬಲ್ಲೆ. ಆದರೆ ಅಲ್ಲಿ ನಿಮ್ಮ ಊಟ, ಮೌನ, ಪ್ರಾರ್ಥನೆಯ ಹೊತ್ತು ಎಲ್ಲವನ್ನೂ ಬೇರೆ ಯಾರೋ ಏರ್ಪಡಿಸಿರುತ್ತಾರೆ. ಎದ್ದು ಮನೆಗೆ ಬಂದಾಗ ಆ ಏರ್ಪಾಡು ಹಿಂದೆಯೇ ಉಳಿಯುತ್ತದೆ. ಭಾವನೆ ಇಳಿದದ್ದಕ್ಕೆ ನಿಮ್ಮನ್ನು ನೀವು ದೂರಿಕೊಳ್ಳಬೇಡಿ. ಮನೆಗೆ ಬಂದ ಮೇಲೆ ಜೊತೆಗೆ ನಡೆಯಲು ಯಾರಿದ್ದರು ಎಂಬುದು ಹೆಚ್ಚು ಉಪಯುಕ್ತವಾದ ಪ್ರಶ್ನೆ.

ಕ್ರೈಸ್ತ ಇತಿಹಾಸದಲ್ಲಿ ಉಜ್ಜೀವನದ, ಅಂದರೆ ಬತ್ತಿದ ವಿಶ್ವಾಸ ಮತ್ತೆ ಚಿಗುರುವುದರ ಮಾತು ಬಂದಾಗಲೆಲ್ಲ ಜರ್ಮನಿಯ ಹೆರ್ನ್‌ಹೂಟಿನ ಹೆಸರು ಬರುತ್ತದೆ. ಸ್ಯಾಕ್ಸನಿಯಲ್ಲಿ ಜಿನ್ಜೆನ್‌ಡಾರ್ಫ್ ಎಂಬ ಪ್ರಭುವಿನ ಜಮೀನಿನಲ್ಲಿ 1722ರಲ್ಲಿ ಮೊರೇವಿಯದ ನಿರಾಶ್ರಿತ ವಿಶ್ವಾಸಿಗಳು ಬಂದು ನೆಲೆಸಿದರು. ಬೇರೆ ಬೇರೆ ಹಿನ್ನೆಲೆಯವರೂ ಸೇರಿಕೊಂಡರು. ಐದು ವರ್ಷ ಕಳೆಯುವಷ್ಟರಲ್ಲಿ ಆರಾಧನೆಯ ಕ್ರಮ, ಬೋಧನೆ, ಅಧಿಕಾರ ಎಲ್ಲದಕ್ಕೂ ಜಗಳ. ವಿಶ್ವಾಸಕ್ಕಾಗಿ ಮನೆಮಠ ಬಿಟ್ಟು ಬಂದ ಜನರೇ ಒಬ್ಬರ ಮುಖ ಒಬ್ಬರು ನೋಡದಂತಾದರು. 13 ಆಗಸ್ಟ್ 1727ರಂದು ಪಕ್ಕದ ಬೆರ್ತೆಲ್ಸ್‌ಡಾರ್ಫಿನ ಚರ್ಚಿನಲ್ಲಿ ಪ್ರಭುಭೋಜನದ ವೇಳೆ ಅವರ ಹೃದಯಗಳು ಕರಗಿದವು. ಅದನ್ನು ಇಂದಿಗೂ ಮೊರೇವಿಯನ್ ಸಭೆ ತನ್ನ ಮರುಹುಟ್ಟಿನ ದಿನವೆಂದು ನೆನೆಯುತ್ತದೆ. ಅದೇ ತಿಂಗಳ ಕೊನೆಯಲ್ಲಿ 24 ಗಂಡಸರು, 24 ಹೆಂಗಸರು ದಿನದ ಗಂಟೆಗಳನ್ನು ಹಂಚಿಕೊಂಡು ಹಗಲೂ ರಾತ್ರಿ ಪ್ರಾರ್ಥಿಸಲು ಒಪ್ಪಿದರು. ಆ ಸರಪಳಿ ನೂರು ವರ್ಷಕ್ಕೂ ಹೆಚ್ಚು ಕಾಲ ಮುಂದುವರಿಯಿತು. 1732ರಲ್ಲಿ ಅದೇ ಹಳ್ಳಿಯಿಂದ ಇಬ್ಬರು ಕೆರಿಬಿಯನ್ ದ್ವೀಪವಾದ ಸೇಂಟ್ ಥಾಮಸಿಗೆ, ಅಲ್ಲಿನ ಗುಲಾಮರಿಗೆ ಸುವಾರ್ತೆ ಹೇಳಲು ಹೊರಟರು.

ಪ್ರಸಂಗಗಳಲ್ಲಿ ಕಥೆ ಸಾಮಾನ್ಯವಾಗಿ ಇಷ್ಟೇ ಬರುತ್ತದೆ: ಆತ್ಮ ಸುರಿದರು, ಪ್ರಾರ್ಥನೆ ಹತ್ತಿಕೊಂಡಿತು. ಅದಕ್ಕೆ ಮುಂಚಿನ ತಿಂಗಳುಗಳ ಮಾತು ಬಿಟ್ಟುಹೋಗುತ್ತದೆ. ಡ್ರೆಸ್ಡೆನ್ ಆಸ್ಥಾನದಲ್ಲಿ ಹುದ್ದೆಯಲ್ಲಿದ್ದ ಜಿನ್ಜೆನ್‌ಡಾರ್ಫ್ ಆ ಕೆಲಸ ಬದಿಗಿಟ್ಟು ಬಂದು, ಜಗಳವಾಡಿಕೊಂಡವರ ಮನೆಮನೆಗೂ ಹೋಗಿ ಕೂತು ಮಾತಾಡಿದರು. ಮೇ 12ರಂದು, ಕೂಡಿ ಹೇಗೆ ಬಾಳಬೇಕೆಂಬ ಒಪ್ಪಂದಕ್ಕೆ ಜನ ಒಪ್ಪಿಗೆ ಕೊಟ್ಟರು. ಬೇಸಿಗೆಯಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ಸೇರಿ ಒಬ್ಬರಿಗೊಬ್ಬರು ಮನಸ್ಸು ಬಿಚ್ಚತೊಡಗಿದರು. ಆಗಸ್ಟ್ ಬಂದದ್ದು ಆಮೇಲೆ. ದೇವರ ಆತ್ಮ ನಮ್ಮ ಏರ್ಪಾಡಿಗೆ ಕಟ್ಟುಬಿದ್ದು ಬರುವುದಿಲ್ಲ ಎಂಬುದು ನಿಜ. ಆದರೂ ಆ ಹಳ್ಳಿಯವರು ಜಾಗ ಮಾಡಿದ್ದು ಎಲ್ಲಿ ಎಂದು ನೋಡಿ. ಒಬ್ಬೊಬ್ಬರ ಎದೆಯ ಮೂಲೆಯಲ್ಲಲ್ಲ, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎದ್ದಿದ್ದ ಗೋಡೆ ಇದ್ದ ಕಡೆ.

ನಿಮಗೆ ನಾನು ಹೇಳಬೇಕಾದದ್ದು ಇದೇ. ಇಬ್ಬರು ಮೂವರು ನನ್ನ ಹೆಸರಿನಲ್ಲಿ ಎಲ್ಲಿ ಸೇರುತ್ತಾರೋ ಅಲ್ಲಿ ನಾನಿದ್ದೇನೆ ಎಂಬ ವಾಕ್ಯವನ್ನು ಕೂಟಕ್ಕೆ ಜನ ಕಡಿಮೆ ಬಂದಾಗ ಸಮಾಧಾನಕ್ಕೆ ಹೇಳಿಕೊಳ್ಳುತ್ತೇವೆ. ಮತ್ತಾಯನ 18ನೇ ಅಧ್ಯಾಯದಲ್ಲಿ ಅದರ ಹಿಂದಿನ ಐದು ವಚನಗಳನ್ನು ಓದಿದರೆ ಅಲ್ಲಿರುವುದು ತಪ್ಪು ಮಾಡಿದ ಸಹೋದರನ ಜೊತೆ ಹೇಗೆ ಮಾತಾಡಬೇಕು ಎಂಬುದು. ಮುಂದಿನ ವಚನದಲ್ಲಿ ಪೇತ್ರ ಕೇಳುವುದು, ಎಷ್ಟು ಸಲ ಕ್ಷಮಿಸಬೇಕು ಎಂದು. ಆ ವಾಗ್ದಾನ ನಿಂತಿರುವುದು ಮುರಿದ ಸಂಬಂಧವೊಂದನ್ನು ಜೋಡಿಸಲು ಕೂತ ಇಬ್ಬರ ನಡುವೆ. ಮತ್ತಾಯ 5ರಲ್ಲಿ ಯಜ್ಞವೇದಿಯ ಬಳಿ ಕಾಣಿಕೆ ಬಿಟ್ಟು ಹೋಗು ಎನ್ನುವ ಮಾತೂ ಅಷ್ಟೇ ಚುರುಕು. ನಿನಗೆ ಅವನ ಮೇಲೆ ಕೋಪವಿದ್ದರೆ ಎಂದು ಅಲ್ಲಿ ಬರೆದಿಲ್ಲ. ಅವನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ ನೀನೇ ಮೊದಲು ಎದ್ದು ಹೋಗಬೇಕು.

ಹಾಗಾಗಿ ಆ ಕಮಿಟಿಯವರ ಬಳಿಗೆ ಹೋಗಿ. ಫೋನಿನಲ್ಲಿ ಮೆಸೇಜ್ ಕಳಿಸಬೇಡಿ. ಆರಾಧನೆ ಮುಗಿದು ಎಲ್ಲರೂ ನಿಂತಿರುವಾಗ ಕೈ ಕುಲುಕಿ ಮುಗಿಸಲೂ ಬೇಡಿ. ನೀವೂ ಅವರೂ ಇಬ್ಬರೇ ಇರುವ ಹೊತ್ತು ನೋಡಿ. ನಿಮ್ಮ ಕಡೆಯ ತಪ್ಪನ್ನಷ್ಟೇ ಹೇಳಿ, ಆದರೆ, ಅಂದರೆ ಎಂದು ಬಾಲ ಸೇರಿಸದೆ. ಯಾವುದೋ ಕಮಿಟಿ ಕೂಟದಲ್ಲಿ ನೀವು ಆಡಿದ ಯಾವುದೋ ಮಾತು ಇರುತ್ತದೆ, ಅದನ್ನೇ ಹೆಸರಿಟ್ಟು ಹೇಳಿ. ಅವರೂ ಕ್ಷಮೆ ಕೇಳಲಿ ಎಂದು ಕಾಯಬೇಡಿ. ಅವರು ಮುಖ ತಿರುಗಿಸಿದರೂ ನಿಮ್ಮ ಪಾಲಿನದು ಮುಗಿದಿರುತ್ತದೆ. ನಿಮ್ಮಿಂದಾಗುವ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನವಾಗಿರಿ ಎಂದು ಪೌಲ ರೋಮಾಪುರದವರಿಗೆ ಬರೆದಾಗ ಆ ಮಟ್ಟ ಎಲ್ಲರಿಗೂ ಒಂದೇ ಅಲ್ಲವೆಂದು ತಿಳಿದೇ ಬರೆದರು. ಒಂದು ಎಚ್ಚರಿಕೆ: ಇದು ಮನಸ್ತಾಪದ ಮಾತು. ಆ ವ್ಯಕ್ತಿ ನಿಮ್ಮನ್ನು ಬೆದರಿಸಿದ್ದರೆ, ದೌರ್ಜನ್ಯ ಮಾಡಿದ್ದರೆ ಒಬ್ಬರೇ ಹೋಗುವ ಮಾತೇ ಇಲ್ಲ. ನಂಬಿಕಸ್ಥರಿಗೆ ಹೇಳಿ, ಅಗತ್ಯವಿದ್ದರೆ ಕಾನೂನಿನ ನೆರವು ಪಡೆಯಿರಿ. ಕ್ಷಮೆಯ ಹೆಸರಿನಲ್ಲಿ ಯಾರೂ ನಿಮ್ಮ ಬಾಯಿ ಮುಚ್ಚಿಸಕೂಡದು.

ಇದಾದ ಮೇಲೆ ಇಬ್ಬರನ್ನೋ ಮೂವರನ್ನೋ ಹುಡುಕಿಕೊಳ್ಳಿ. ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿ 1738ರಲ್ಲಿ ಹೆರ್ನ್‌ಹೂಟಿಗೆ ಹೋಗಿ ಆ ಸಣ್ಣ ಗುಂಪುಗಳನ್ನು ಕಣ್ಣಾರೆ ನೋಡಿ ಬಂದಿದ್ದರು. ಆದರೆ ಮೆಥಡಿಸ್ಟರ ಪ್ರಸಿದ್ಧ ಕ್ಲಾಸ್ ಕೂಟಗಳು ಹುಟ್ಟಿದ್ದು ಸಾಲದ ದೆಸೆಯಿಂದ. 1742ರ ಫೆಬ್ರುವರಿಯಲ್ಲಿ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾಮಂದಿರದ ಸಾಲ ತೀರಿಸುವುದು ಹೇಗೆಂದು ಚರ್ಚಿಸುತ್ತಿದ್ದಾಗ, ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದರು ಒಬ್ಬ ಕ್ಯಾಪ್ಟನ್. ಬಡವರಿಗೆ ಅದೂ ಕಷ್ಟ ಎಂಬ ಆಕ್ಷೇಪ ಬಂತು. ಹಾಗಾದರೆ ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಕೊಡಿ, ಅವರಿಗೆ ಆಗದಿದ್ದರೆ ನಾನೇ ಭರ್ತಿ ಮಾಡುತ್ತೇನೆ ಎಂದರು ಅವರು. ಹೀಗೆ ಹನ್ನೆರಡರ ಗುಂಪುಗಳಾದವು. ಕಾಸು ಕೇಳಲು ಮನೆಮನೆಗೆ ಹೋದ ಮುಖಂಡರಿಗೆ ಯಾರು ಹೇಗೆ ಬಾಳುತ್ತಿದ್ದಾರೆ, ಯಾರು ದಾರಿ ತಪ್ಪಿದ್ದಾರೆ ಎಂಬುದು ಕಣ್ಣಿಗೆ ಬಿತ್ತು. ತಮಗೆ ಬಹಳ ದಿನದಿಂದ ಬೇಕಾಗಿದ್ದುದು ಇದೇ ಎಂದು ವೆಸ್ಲಿಗೆ ಹೊಳೆಯಿತು. ಪುಟ್ಟ ಗುಂಪುಗಳು ವಾರಕ್ಕೊಮ್ಮೆ ಸೇರಿ, ನಿನ್ನ ಆತ್ಮ ಹೇಗಿದೆ ಎಂದು ಪರಸ್ಪರ ವಿಚಾರಿಸತೊಡಗಿದವು. ಭಾನುವಾರ ನಮಸ್ಕಾರ ಹೇಳಿ ಹೋಗುವವರ ನಡುವೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ನಿಮ್ಮ ಪುಟ್ಟ ಗುಂಪಿನಲ್ಲಿ ಹಾಡು, ಪ್ರಸಂಗ, ವರದಿ ಏನೂ ಬೇಡ. ಸುವಾರ್ತೆಯ ಒಂದು ಸಣ್ಣ ಭಾಗ ಓದಿ, ಆಮೇಲೆ ಹತ್ತು ನಿಮಿಷ ಸುಮ್ಮನೆ ಕೂರಿ. ಮೊದಮೊದಲು ಆ ಹತ್ತು ನಿಮಿಷ ಹಿಂಸೆಯೆನಿಸುತ್ತದೆ. ಒಬ್ಬರು ಕೆಮ್ಮುತ್ತಾರೆ, ಒಬ್ಬರ ಕೈ ಫೋನಿನ ಕಡೆ ಹೋಗಿ ಹಿಂದೆ ಬರುತ್ತದೆ, ಇನ್ನೊಬ್ಬರು ಯಾರಾದರೂ ಪ್ರಾರ್ಥನೆ ಶುರುಮಾಡಬಾರದೇ ಎಂದು ಕಣ್ಣು ತೆರೆದು ನೋಡುತ್ತಾರೆ. ಯಾರೂ ಶುರುಮಾಡದಿರಲಿ. ಆಮೇಲೆ ಒಬ್ಬೊಬ್ಬರಾಗಿ ಆ ವಾರ ದೇವರ ಮುಂದೆ ತಾವು ಹೇಗಿದ್ದೆವು ಎಂದು ಹೇಳಲಿ. ನಾನು ಕೂತ ಒಂದು ಗುಂಪಿನಲ್ಲಿ, ಎಲ್ಲರ ಪರವಾಗಿ ಪ್ರಾರ್ಥಿಸುವ ಹೆಂಗಸೊಬ್ಬರು, ನಾನು ತಿಂಗಳುಗಳಿಂದ ಒಬ್ಬಳೇ ಕೂತು ಪ್ರಾರ್ಥಿಸಿಯೇ ಇಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದೇನೆ ಎಂದರು. ಯಾರೂ ವಚನ ಹೇಳಿ ಧೈರ್ಯ ತುಂಬಲು ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿದ್ದವರು, ನಾನೂ ಅಷ್ಟೇ ಎಂದರು. ಆ ಗುಂಪು ನಿಜವಾಗಿ ಪ್ರಾರ್ಥಿಸಲು ಕಲಿತದ್ದು ಆ ದಿನದಿಂದ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಎಂದು ಯಾಕೋಬ ಬರೆದದ್ದು ಇಂಥ ಕೋಣೆಗಳಿಗಾಗಿ. ಅಲ್ಲಿ ಕೇಳಿದ್ದು ಹೊರಗೆ ಹೋಗಬಾರದು, ಪ್ರಾರ್ಥನಾ ವಿಷಯ ಎಂಬ ನೆಪದಲ್ಲೂ ಹೋಗಬಾರದು.

ಗಾಳಿಮಾತಿನ ವಿಷಯದಲ್ಲಿ ಫಿಂಕೆನ್‌ವಾಲ್ಡೆಯ ನಿಯಮವನ್ನು ನೀವೂ ಇಟ್ಟುಕೊಳ್ಳಬಹುದು. ನಾಜಿಗಳ ಕಾಲದಲ್ಲಿ, 1935ರಿಂದ 1937ರಲ್ಲಿ ಗುಪ್ತ ಪೊಲೀಸರಾದ ಗೆಸ್ಟಪೊ ಬಾಗಿಲು ಮುಚ್ಚಿಸುವವರೆಗೆ, ಜರ್ಮನ್ ಸಭಾಪಾಲಕ ಡೀಟ್ರಿಚ್ ಬೊನ್‌ಹಾಫರ್ ಅಲ್ಲಿ ಸಭಾಪಾಲಕರಾಗುವವರಿಗೆ ತರಬೇತಿ ಕೊಟ್ಟರು. ಜೊತೆಯವನ ಬಗ್ಗೆ ಅವನಿಲ್ಲದಾಗ ಮಾತಾಡಕೂಡದು, ಬಾಯಿತಪ್ಪಿ ಆಡಿದರೆ ಹೋಗಿ ಅವನಿಗೇ ಹೇಳಬೇಕು. ಕೇಳಲು ಸಣ್ಣದು, ಪಾಲಿಸಿ ನೋಡಿ ಎಷ್ಟು ಕಷ್ಟವೆಂದು ಗೊತ್ತಾಗುತ್ತದೆ. ಅವರ ಇನ್ನೊಂದು ಅಭ್ಯಾಸ ನಿಮ್ಮ ಬೆಳಗಿನ ಪ್ರಾರ್ಥನೆಗೆ ಸಹಾಯವಾದೀತು: ಪ್ರತಿದಿನ ಅರ್ಧ ಗಂಟೆ ಮೌನಧ್ಯಾನ, ವಾರವಿಡೀ ಒಂದೇ ವಾಕ್ಯಭಾಗದ ಮೇಲೆ. ಪ್ರಸಂಗಕ್ಕೆ ಟಿಪ್ಪಣಿ ಮಾಡಿಕೊಳ್ಳುವುದಕ್ಕಲ್ಲ, ಆ ವಾಕ್ಯ ನನಗೇ ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳುವುದಕ್ಕೆ. ಶುರುವಿನಲ್ಲಿ ಅಲ್ಲಿನ ವಿದ್ಯಾರ್ಥಿಗಳಿಗೂ ಏನು ಮಾಡಬೇಕೆಂದು ತೋಚಲಿಲ್ಲ, ಮನಸ್ಸು ಎಲ್ಲೆಲ್ಲೋ ಓಡುತ್ತಿತ್ತು. ನೀವು ಇಪ್ಪತ್ತು ನಿಮಿಷದಿಂದ ಶುರುಮಾಡಿ. ಕಾರ್ಯಕ್ರಮದ ಲೆಕ್ಕ ತಲೆಗೆ ಬಂದರೆ ಪಕ್ಕದ ಕಾಗದದ ಮೇಲೆ ಒಂದು ಪದ ಗೀಚಿಟ್ಟು ವಾಕ್ಯಕ್ಕೆ ಹಿಂದಿರುಗಿ. ಒಂದೇ ಪ್ರಾರ್ಥನೆಯಲ್ಲಿ ಹತ್ತು ಸಲ ಹಿಂದಿರುಗಬೇಕಾದರೂ ಅದು ಪ್ರಾರ್ಥನೆಯೇ.

ಬೇರೆ ಸಭೆಗೆ ಹೋಗುವ ವಿಚಾರ ಉಳಿಯಿತು. ಇಗೋ, ಬಾಗಿಲಲ್ಲಿ ನಿಂತು ತಟ್ಟುತ್ತಿದ್ದೇನೆ ಎಂಬ ಪ್ರಕಟನೆ 3ರ ಮಾತನ್ನು ನಾವು ಇನ್ನೂ ನಂಬದವರಿಗೆ ಹೇಳುತ್ತೇವೆ. ಕ್ರಿಸ್ತರು ಅದನ್ನು ಬರೆಸಿದ್ದು ಲವೊದಿಕೀಯದ ಸಭೆಗೆ, ಐಶ್ವರ್ಯವಂತರಾಗಿದ್ದೇವೆ, ನಮಗೇನೂ ಕೊರತೆಯಿಲ್ಲ ಎಂದುಕೊಂಡಿದ್ದ ಜನರಿಗೆ. ಅಷ್ಟು ಬೆಚ್ಚಗೂ ಅಲ್ಲದ, ತಣ್ಣಗೂ ಅಲ್ಲದ ಸಭೆಯನ್ನೂ ಅವರು ಬಿಟ್ಟುಹೋಗದೆ ಬಾಗಿಲಲ್ಲೇ ನಿಂತಿದ್ದಾರೆ. ಯಾವನಾದರೂ ನನ್ನ ಸ್ವರ ಕೇಳಿ ಬಾಗಿಲು ತೆರೆದರೆ ಎನ್ನುತ್ತಾರೆ, ಇಡೀ ಸಭೆ ಏಳುವವರೆಗೆ ಕಾಯುವುದಿಲ್ಲ. ಒಳಗಿನಿಂದ ಒಬ್ಬರು ಎದ್ದರೆ ಸಾಕು, ಅದು ನೀವಾಗಬಹುದು. ಸುಳ್ಳು ಬೋಧನೆ, ಹಣದ ಮೋಸ, ನಾಯಕರ ದಬ್ಬಾಳಿಕೆ ಇರುವ ಕಡೆ ಉಳಿಯಿರಿ ಎಂದು ನಾನು ಯಾರಿಗೂ ಹೇಳಲಾರೆ. ನಾನು ಪ್ರವಾದಿ, ನನ್ನ ಮಾತು ಮೀರಿದರೆ ಶಾಪ ತಟ್ಟುತ್ತದೆ ಎಂದು ಹೆದರಿಸುವ ಉಜ್ಜೀವನ ಕೂಟಗಳಿಂದಲೂ ದೂರವಿರಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಕಾಣುವುದು ದಣಿವು, ಒಂದು ಮುನಿಸು, ಜೊತೆಗೆ ಯಾರೂ ಇಲ್ಲವೆಂಬ ಕೊರಗು. ಈ ಮೂರೂ ನಿಮ್ಮ ಜೊತೆಗೇ ಹೊಸ ಸಭೆಗೆ ಬರುತ್ತವೆ. ಮುಂದಿನ ಈಸ್ಟರಿನವರೆಗೆ ಇಲ್ಲಿಯೇ ಇದ್ದು ನೋಡಿ. ಅಷ್ಟರಲ್ಲಿ ಕೆಲಸ ಇಳಿಸಿ, ಆ ಒಬ್ಬರ ಹತ್ತಿರ ಹೋಗಿ ಬಂದು, ಇಬ್ಬರು ಮೂವರ ಜೊತೆ ಕೂತ ಮೇಲೂ ಹೊರಡಬೇಕು ಅನ್ನಿಸಿದರೆ ಪಾಸ್ಟರಿಗೆ ಮುಖತಃ ತಿಳಿಸಿ, ಅವರಿಂದ ಪ್ರಾರ್ಥನೆ ಮಾಡಿಸಿಕೊಂಡು ಹೊರಡಿ. ಹೋದ ಕಡೆ ಮೊದಲ ವರ್ಷ ಯಾವ ಕಮಿಟಿಗೂ ಹೆಸರು ಕೊಡಬೇಡಿ.